ಏಳು ಬಿಲ್ಲೆಯಲ್ಲಿ ಮೂರನೆಯದು

ಕಳೆದ ಭಾನುವಾರ 2016ರ ಕಟ್ಟಿನಿಂದ ಮೂರನೇ ಬಿಲ್ಲೆ ತೆಗೆದೆ. ಕೌಲಾಲಂಪುರಕ್ಕೆ ಕೆಲಸಕ್ಕೆ ಬಂದ ಮಾರನೇ ವರ್ಷ ಕೊಂಡ ಪು-ಎರ್ ಟೀ ಅದು. ಎಲೆಯನ್ನು ಒತ್ತಿ ಮಾಡಿದ ಏಳು ದುಂಡು ಬಿಲ್ಲೆ, ಒಂದೊಂದು 357 ಗ್ರಾಂ, ಎಲ್ಲ ಸೇರಿದರೆ ಎರಡೂವರೆ ಕಿಲೋಗೆ ಒಂದೇ ಒಂದು ಗ್ರಾಂ ಕಮ್ಮಿ. ಬಿದಿರು ಕಳಲೆಯ ಒಣ ಸಿಪ್ಪೆಯಲ್ಲಿ ಸುತ್ತಿ ಕಟ್ಟಿರುತ್ತಾರೆ, ದೂರದಿಂದ ನೋಡಿದರೆ ನಮ್ಮ ಅಡಿಕೆ ಹಾಳೆ ತರಾನೇ. ಈ ಕಟ್ಟಿಗೆ ತೋಂಗ್ ಅನ್ನುತ್ತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ಚೀನಾದ ಯುನ್ನಾನ್ ಪ್ರಾಂತ್ಯದ ಟೀ. ಅಸ್ಸಾಂ ಟೀ ಯಾವ ಬಗೆಯ ಗಿಡದಿಂದ ಬರುತ್ತದೋ ಅದೇ ದೊಡ್ಡೆಲೆ ಬಗೆ. ಎಲೆಯನ್ನು ಬಿಸಿ ಬಾಣಲೆಯಲ್ಲಿ ಬಾಡಿಸಿ, ಹೊಸೆದು, ಬಿಸಿಲಲ್ಲಿ ಒಣಗಿಸಿ, ಆಮೇಲೆ ಹಬೆಯಲ್ಲಿ ಮೆತ್ತಗೆ ಮಾಡಿ ಬಟ್ಟೆಚೀಲಕ್ಕೆ ಹಾಕಿ ಒತ್ತುತ್ತಾರೆ. ಬಿಲ್ಲೆಯ ಹಿಂಭಾಗದಲ್ಲಿ ಒಂದು ಗುಳಿ ಇರುತ್ತದಲ್ಲ, ಅದು ಆ ಚೀಲದ ಗಂಟಿನ ಗುರುತು. ಹೀಗೆ ಮಾಡಿದ್ದು ಶೆಂಗ್, ವರ್ಷಗಟ್ಟಲೆ ತಾನಾಗಿಯೇ ಮಾಗುತ್ತದೆ. ಶೋ ಅಂತ ಇನ್ನೊಂದಿದೆ, ಎಲೆ ರಾಶಿ ಹಾಕಿ ನೀರು ಚಿಮುಕಿಸಿ ಮುಚ್ಚಿಟ್ಟು ಒಂದೂವರೆ ಎರಡು ತಿಂಗಳಲ್ಲೇ ಮಾಗಿಸುವುದು. ಯುನ್ನಾನ್‌ನ ರಾಜಧಾನಿ ಕುನ್‌ಮಿಂಗ್‌ನ ಕಾರ್ಖಾನೆಯವರು 1973ರಲ್ಲಿ ಈ ದಾರಿ ಹಿಡಿದರು. ಶೋ ನಾನೂ ಕುಡಿಯುತ್ತೇನೆ, ಆದರೆ ಕೂಡಿಡುವುದು ಶೆಂಗ್ ಮಾತ್ರ.

ನನ್ನ ಕಟ್ಟು ಮೆಂಗ್‌ಹಾಯ್ ಕಾರ್ಖಾನೆಯ 7542 ಅನ್ನುವ ಮಿಶ್ರಣ. ಈ ನಂಬರ್ ಓದುವುದನ್ನು ಮೊದಲು ಕಲಿಯಬೇಕು. 75 ಅಂದರೆ ಈ ಮಿಶ್ರಣ ಶುರುವಾದ 1975, 4 ಅಂದರೆ ಎಲೆಯ ದರ್ಜೆ, 2 ಅಂದರೆ ಮೆಂಗ್‌ಹಾಯ್. ಕುನ್‌ಮಿಂಗ್ ಆದರೆ 1, ಶಿಯಾಗುವಾನ್ ಆದರೆ 3. ಕೈಯಲ್ಲಿರುವ ಬಿಲ್ಲೆ ಯಾವ ವರ್ಷದ್ದು ಅನ್ನುವುದನ್ನು ಇದು ಹೇಳುವುದೇ ಇಲ್ಲ, ಅದಕ್ಕೆ ಬ್ಯಾಚ್ ನಂಬರ್ ನೋಡಬೇಕು. ನನ್ನದರ ಮೇಲೆ 1601 ಅಂತಿದೆ, 2016ರ ಮೊದಲ ಬ್ಯಾಚ್. ಒಬ್ಬ ವ್ಯಾಪಾರಿ ಇಂಥದ್ದೇ ಒಂದು ಬಿಲ್ಲೆ ಕೈಗಿಟ್ಟು ‘ನೋಡಿ, 75ರ ಟೀ’ ಅಂದಿದ್ದ. ಮೇಲಿನ ಕಾಗದ ಇನ್ನೂ ಗರಿಗರಿಯಾಗಿತ್ತು. ಆ ಅಂಗಡಿಗೆ ಮತ್ತೆ ಹೋಗಿಲ್ಲ.

ಕೊಳ್ಳುವಾಗ ನಾನು ಹಿಡಿದಿರುವ ಪಟ್ಟು ಒಂದೇ: ಇವತ್ತು ಕುಡಿದು ನೋಡದೆ ಕಟ್ಟು ಕೊಳ್ಳುವುದಿಲ್ಲ. ಮೊದಲು ಒಂದೇ ಬಿಲ್ಲೆ. ಮನೆಗೆ ತಂದು ಒಂದೆರಡು ವಾರ ಕುಡಿಯಬೇಕು. ಎಳೆ ಶೆಂಗ್ ಕಹಿ ಇರುತ್ತದೆ, ಒಗರೂ ಇರುತ್ತದೆ, ಅದಕ್ಕೆ ಹೆದರಬಾರದು. ನುಂಗಿದ ಮೇಲೆ ಏನಾಗುತ್ತದೆ ಅನ್ನುವುದೇ ಮುಖ್ಯ. ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದರೆ ಗಂಟಲಲ್ಲಿ ಸಿಹಿ ಬರುತ್ತದಲ್ಲ, ಹಾಗೆ ಬರಬೇಕು. ಚೀನೀಯರು ಅದಕ್ಕೆ ಹುಯ್‌ಗಾನ್ ಅನ್ನುತ್ತಾರೆ. ಕಹಿ ನಾಲಿಗೆಯಲ್ಲೇ ಕೂತುಬಿಟ್ಟರೆ ಬೇಡ. ಇನ್ನು ಕೆಲವು ಹೊಸದರಲ್ಲೇ ಘಮ್ ಅಂತ, ಗ್ರೀನ್ ಟೀ ಹಾಗೆ ಹಿತವಾಗಿರುತ್ತವೆ. ಎಲೆಗೆ ಬಾಣಲೆಯ ಕಾವು ಜಾಸ್ತಿ ಆದರೆ ಹಾಗಾಗುತ್ತದೆ. ಮಾಗಿಸುವ ಶಕ್ತಿಯೂ ಆ ಕಾವಿನಲ್ಲೇ ಸತ್ತಿರುತ್ತದೆ. ಅಂಥದ್ದನ್ನು ಈ ವರ್ಷವೇ ಕುಡಿದು ಮುಗಿಸಿ, ಇಟ್ಟರೆ ಸಪ್ಪೆಯಾಗುತ್ತದೆ.

ಲಾವೋ ಬಾನ್‌ಜಾಂಗ್, ಬಿಂಗ್‌ದಾವ್ ಅಂತ ಊರಿನ ಹೆಸರು ಹಾಕಿದ್ದನ್ನು ನಾನು ಕೊಳ್ಳುವುದಿಲ್ಲ. ಆ ಹಳ್ಳಿಗಳಲ್ಲಿ ಬೆಳೆಯುವುದೇ ಅಷ್ಟಿಷ್ಟು, ಹೆಸರು ಹೊತ್ತ ಬಿಲ್ಲೆಗಳು ಮಾತ್ರ ಎಲ್ಲ ಕಡೆ ಸಿಗುತ್ತವೆ. ದುಡ್ಡು ಬೆಳೆಸುವುದಕ್ಕಂತೂ ಪು-ಎರ್ ಬೇಡವೇ ಬೇಡ. 2007ರಲ್ಲಿ ಬೆಲೆ ಗಗನಕ್ಕೇರಿ ಅದೇ ವರ್ಷ ದೊಪ್ಪನೆ ಬಿತ್ತು, ಗುವಾಂಗ್‌ಜೋದ ಟೀ ಮಾರುಕಟ್ಟೆಯಲ್ಲಿ ಕಟ್ಟು ಪೇರಿಸಿಟ್ಟವರು ಕೈಸುಟ್ಟುಕೊಂಡರು.

ಇಡುವ ಜಾಗದ ವಿಷಯದಲ್ಲಿ ನನ್ನದೂ ಒಂದು ತಪ್ಪಾಗಿದೆ. ಮೊದಲ ವರ್ಷ ಎರಡು ಬಿಡಿ ಬಿಲ್ಲೆಗಳನ್ನು ಹಾಲ್‌ನ ಶೆಲ್ಫ್‌ನಲ್ಲಿಟ್ಟಿದ್ದೆ. ಕೆಳಗಿನ ಅರೆಯಲ್ಲಿ ದೇವರ ಫೋಟೋ. ಬೆಳಿಗ್ಗೆ ಸಂಜೆ ಊದಬತ್ತಿ. ವರ್ಷದ ನಂತರ ಕಾಗದ ಬಿಚ್ಚಿದರೆ ಟೀ ವಾಸನೆಯೇ ಇಲ್ಲ, ಬರೀ ಗಂಧದ ಕಡ್ಡಿ! ಮೊದಲ ಎರಡು ಸಲ ಬಿಸಿನೀರು ಹಾಕಿ ಚೆಲ್ಲಿದರೂ ಹೋಗಲಿಲ್ಲ. ಸುಮಾರು ಎಂಟು ತಿಂಗಳು ಗಾಳಿಗಿಟ್ಟ ಮೇಲೆ ಒಳಗಿನ ಪದರ ಕುಡಿಯುವಂತಾಯಿತು, ಮೇಲಿನದು ಆಗಲೇ ಇಲ್ಲ. ಈ ಎಲೆ ಏನು ಸಿಕ್ಕರೂ ಹೀರಿಕೊಳ್ಳುತ್ತದೆ. ಒಗ್ಗರಣೆ, ಇಂಗು, ನುಸಿಗುಳಿಗೆ, ಹೊಸ ಪೇಂಟ್, ಎಲ್ಲವನ್ನೂ.

ಈಗ ಎಲ್ಲ ಹಿಂದಿನ ರೂಮಿನಲ್ಲಿದೆ, ವಾಸನೆಯಿಲ್ಲದ ರಟ್ಟಿನ ಪೆಟ್ಟಿಗೆಗಳಲ್ಲಿ, ನೆಲದಿಂದ ಒಂದಡಿ ಮೇಲೆ, ಗೋಡೆಗೆ ತಾಗದ ಹಾಗೆ. ಆ ರೂಮಿಗೆ ಎಸಿ ಹಾಕುವುದಿಲ್ಲ. ತೇವ ಅಳೆಯುವ ಪುಟ್ಟ ಮೀಟರ್ ಒಂದಿದೆ, ಪೆಟ್ಟಿಗೆಯೊಳಗೆ ಶೇಕಡಾ 70ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. 80 ಹತ್ತಿರ ಹೋದರೆ ಬೂಸಲಿನ ಭಯ, ಮಳೆ ಜೋರಾದಾಗ ದಿನಾ ನೋಡುತ್ತೇನೆ. ಕುನ್‌ಮಿಂಗ್‌ನ ಒಣಹವೆಯಲ್ಲಿ ಇದೇ ಟೀ ನಿಧಾನಕ್ಕೆ ಮಾಗುತ್ತದೆ, ಪರಿಮಳ ಉಳಿಯುತ್ತದೆ. ಇಲ್ಲಿನ ಸೆಕೆಯಲ್ಲಿ ಬೇಗ ಬಣ್ಣ ತಿರುಗುತ್ತದೆ. ನನಗೆ ಇಲ್ಲಿನದೇ ಇಷ್ಟ.

ಹಾಂ, ಭಾನುವಾರದ ಬಿಲ್ಲೆ. ದಬ್ಬಳದಂಥ ಚಾಕುವನ್ನು ಅಂಚಿನಿಂದ ತೂರಿಸಿ ಮೆಲ್ಲಗೆ ಎಬ್ಬಿಸಿದೆ, ಎಲೆ ಮುರಿಯದೆ ಪದರ ಕಳಚಿತು. ಏಳು ಗ್ರಾಂ, ನೂರು ಎಂಎಲ್‌ನ ಮುಚ್ಚಳದ ಬಟ್ಟಲು, ಕುದಿಯುವ ನೀರು. 2016ರಲ್ಲಿ ಮೊದಲನೆಯದನ್ನು ಬಿಚ್ಚಿದಾಗ ನೀರು ತಿಳಿ ಹಳದಿ, ಕುಡಿದರೆ ಹೊಟ್ಟೆ ಕಿವುಚಿದ ಹಾಗೆ. 2020ರಲ್ಲಿ ಎರಡನೆಯದು ಯಾಕೋ ಮಂಕಾಗಿತ್ತು, ಕಟ್ಟನ್ನು ಮಾರಿಬಿಡೋಣ ಅನ್ನಿಸಿತ್ತು. ಈಗ ಜೇನಿನ ಬಣ್ಣ. ಕಹಿ ಇದೆ, ಆದರೆ ಚುಚ್ಚುವುದಿಲ್ಲ. ನಾಲ್ಕನೇ ಬಟ್ಟಲಿಗೆ ಒಣದ್ರಾಕ್ಷಿಯಂಥ, ಹಳೇ ಮರದ ಪೆಟ್ಟಿಗೆ ತೆಗೆದಂಥ ಒಂದು ವಾಸನೆ ಬಂತು, ಹಿಂದಿನ ಎರಡರಲ್ಲೂ ಇರಲಿಲ್ಲ. ಹನ್ನೆರಡು ಸಲ ನೀರು ಹಾಕಿದೆ, ಕೊನೆಯದೂ ಸಿಹಿಯಾಗಿತ್ತು. ಹೆಂಡತಿ ಹಾಲಿಲ್ಲದ ಟೀ ಮುಟ್ಟುವವಳೇ ಅಲ್ಲ, ಮೂರು ಬಟ್ಟಲು ಕುಡಿದಳು.

ಉಳಿದ ನಾಲ್ಕನ್ನು ಮತ್ತೆ ಸಿಪ್ಪೆಯಲ್ಲೇ ಸುತ್ತಿ ಕಟ್ಟಿದೆ. ಮಗಳು ಪಿಯುಸಿ ಮುಗಿಸುವ ವರ್ಷ ಮುಂದಿನದನ್ನು ತೆಗೆಯೋಣ ಅಂತ ಮಾತಾಗಿದೆ.