ಹುಲಿ ನೋಡಲು ಹೋದವನು ಜಿಂಕೆ ಎಣಿಸಿದ ಕಥೆ

ನಾಗರಹೊಳೆಯಲ್ಲಿ ಪ್ರಾಣಿ ಗಣತಿ ಕೆಲಸಕ್ಕೆ ಸೇರಿದ ಹೊಸತು. ತಲೆಯಲ್ಲಿ ಇದ್ದದ್ದು ಹುಲಿ ಒಂದೇ. ಬೆಳಗ್ಗೆ ಆರಕ್ಕೆಲ್ಲ ಲೈನ್, ಅಂದರೆ ಗಣತಿಗೆಂದು ಕಾಡಿನಲ್ಲಿ ಗುರುತು ಮಾಡಿದ ನೇರ ದಾರಿ, ಹಿಡಿದು ಸದ್ದಿಲ್ಲದೆ ನಡೆಯಬೇಕು, ಪ್ರಾಣಿ ಕಂಡಾಗೆಲ್ಲ ನಿಂತು ಎಷ್ಟಿವೆ, ಎಷ್ಟು ದೂರ, ಯಾವ ಕೋನ ಅಂತ ಬರೆದುಕೊಳ್ಳಬೇಕು. ಒಂದು ದಿನ ಹಡ್ಲಿನ (ಕಾಡಿನ ನಡುವಿನ ಜೌಗು ಹುಲ್ಲುಬಯಲು) ಅಂಚಿನಲ್ಲಿ ಜಿಂಕೆ ಹಿಂಡು ಸಿಕ್ಕಿತು. ಅಷ್ಟರಲ್ಲಿ ಮಣ್ಣಿನಲ್ಲಿ ಹುಲಿ ಹೆಜ್ಜೆ ಕಂಡದ್ದೇ ತಡ, ಹಿಂಡನ್ನು ಎಣಿಸದೆ ಸುಮ್ನೆ 'ಸುಮಾರು 20' ಅಂತ ಗೀಚಿ ಫೋಟೊ ತೆಗೆಯಲು ಓಡಿದೆ. ಸಂಜೆ ಶೀಟ್ ನೋಡಿದ ಹಿರಿಯರು ಬೈಯಲಿಲ್ಲ. "ನಾಳೆಯಿಂದ ಸ್ಕ್ಯಾಟ್ ತೊಳಿ" ಅಂದರು.

ಸ್ಕ್ಯಾಟ್ ಅಂದರೆ ಹುಲಿ ಹೇತದ್ದು. ಒಣಗಿದ್ದನ್ನು ಜರಡಿಗೆ ಹಾಕಿ ನೀರು ಬಿಟ್ಟರೆ ಮಣ್ಣೆಲ್ಲ ಹೋಗಿ ಕೂದಲು, ಮೂಳೆಚೂರು, ಒಮ್ಮೊಮ್ಮೆ ಗೊರಸಿನ ತುದಿ ಉಳಿಯುತ್ತದೆ. ಕೂದಲು ಹುಲಿಗೆ ಅರಗುವುದಿಲ್ಲ. ಅದನ್ನೇ ಮೈಕ್ರೊಸ್ಕೋಪಿನಲ್ಲಿ ನೋಡಿ ಜಿಂಕೆಯೋ ಕಡವೆಯೋ ಕಾಟಿಯೋ ಹಂದಿಯೋ ಅಂತ ಗುರುತಿಸುವುದು. ವಾಸನೆ ಬಗ್ಗೆ ಕೇಳಬೇಡಿ.

ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಅಷ್ಟು ಸಿಗಬೇಕಾದರೆ ಅದರ ಪಾಲಿನ ಕಾಡಿನಲ್ಲಿ ಸುಮಾರು 500 ಇರಬೇಕು. ಓಹ್, ಸ್ಕೂಲಲ್ಲಿ ಓದಿದ ಹತ್ತು ಪರ್ಸೆಂಟ್ ನಿಯಮ ಇದೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ. ಇದು ಹಿಂಡಿನ ಲೆಕ್ಕ: ವರ್ಷಾ ವರ್ಷ ಹುಟ್ಟುವ ಮರಿಗಳು ಬಡ್ಡಿ ಇದ್ದ ಹಾಗೆ, ಹುಲಿ ಬಡ್ಡಿ ತಿಂದರೆ ಅಸಲು ಉಳಿಯುತ್ತದೆ. ಸ್ಕೂಲಿನದು ಶಕ್ತಿಯ ಲೆಕ್ಕ, 1942ರಲ್ಲಿ ಲಿಂಡ್‌ಮನ್ ಅನ್ನುವವರು ಅಮೆರಿಕದ ಒಂದು ಸಣ್ಣ ಕೆರೆ ಇಟ್ಟುಕೊಂಡು ಬರೆದ ಲೇಖನದಿಂದ ಬೆಳೆದದ್ದು. ಹುಲ್ಲಿನಿಂದ ಜಿಂಕೆಗೆ, ಜಿಂಕೆಯಿಂದ ಹುಲಿಗೆ, ಪ್ರತಿ ಮೆಟ್ಟಿಲಲ್ಲೂ ಹೆಚ್ಚಿನ ಪಾಲು ಸೋರಿಹೋಗಿ ನೂರಕ್ಕೆ ಹತ್ತರಷ್ಟು ಮಾತ್ರ ಮುಂದಕ್ಕೆ ದಾಟುತ್ತದೆ ಅನ್ನುವ ನಿಯಮ. ಹತ್ತು ಅನ್ನುವುದೂ ಅಂದಾಜು ಅಷ್ಟೇ. ಬಿಸಿರಕ್ತದ ಪ್ರಾಣಿ ಅರಗಿಸಿಕೊಂಡದ್ದರಲ್ಲಿ ನೂರಕ್ಕೆ ಒಂದೋ ಮೂರೋ ಪಾಲು ಮಾತ್ರ ಹೊಸ ಮಾಂಸವಾಗುತ್ತದೆ, ಉಳಿದದ್ದು ಓಡಾಟಕ್ಕೆ, ಮೈ ಬಿಸಿ ಕಾಯ್ದುಕೊಳ್ಳಲಿಕ್ಕೆ ಖರ್ಚು. ಅರಗದೆ ಬಿದ್ದ ಹಿಕ್ಕೆ ಸಗಣಿ ಹುಳುಗಳ ಪಾಲು.

ಇದು ತಲೆಗೆ ಹೋದ ಮೇಲೆ ಕಾಡಿನ ತುಂಬ ಹಬ್ಬಿದ ಲಂಟಾನ ಕಳೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಮೊದಲೆಲ್ಲ 'ಕಾಡು ಎಷ್ಟು ಹಸಿರಾಗಿದೆ' ಅಂತ ಖುಷಿಪಡುತ್ತಿದ್ದೆ. ಬಿಸಿಲು ಅದಕ್ಕೂ ಬೀಳುತ್ತದೆ, ಎಲೆಯೂ ಆಗುತ್ತದೆ, ಆದರೆ ಆ ಎಲೆಗೆ ಜಿಂಕೆ ಬಾಯಿ ಹಾಕುವುದು ಅಪರೂಪ, ಪೊದೆಯ ಕೆಳಗೆ ಹುಲ್ಲೂ ಏಳುವುದಿಲ್ಲ. ಅಲ್ಲಿ ಬಿದ್ದ ಬಿಸಿಲು ಹುಲಿಯವರೆಗೆ ಬರುವ ದಾರಿಯೇ ಬಂದ್. ಹಣ್ಣು ತಿಂದ ಪಿಕಳಾರ ಹಕ್ಕಿ ಮಾತ್ರ ಬೀಜ ಇನ್ನಷ್ಟು ಕಡೆ ಹರಡುತ್ತದೆ.

ಮೊನ್ನೆ ಅದೇ ಹಡ್ಲಿನಲ್ಲಿ ಮತ್ತೆ ಹಿಂಡು ಸಿಕ್ಕಿತು. ಎರಡು ಸಲ ಎಣಿಸಿದೆ, 23. ಪಕ್ಕದಲ್ಲೇ ಹುಲಿ ಹೆಜ್ಜೆ ಇತ್ತಂತೆ. ಜೊತೆಗಿದ್ದ ಹಾಡಿಯ (ಕಾಡಿನ ಬುಡಕಟ್ಟು ಜನರ ಕೇರಿ) ಅಣ್ಣ ಟೀ ಕುಡಿಯುವಾಗ ಹೇಳಿದರು.