ರಾತ್ರಿ ಮೂರರ ಸರದಿ

ರಾತ್ರಿ ಎರಡೂಮುಕ್ಕಾಲಿಗೆ ಹಿಂದಿನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಪಕ್ಕದ ಮನೆಯ ಮೂರನೆಯವಳು. ಹದಿನಾಲ್ಕು ವರ್ಷದ ಹುಡುಗಿ. ಮೊಣಕಾಲವರೆಗೆ ರಬ್ಬರ್ ಬೂಟು, ಹೆಗಲ ಮೇಲೆ ಸಲಿಕೆ, ಹಣೆಗೆ ಕಟ್ಟಿದ ಟಾರ್ಚು.

"ಆಂಟಿ, ನೀರು ಬರೋ ಹೊತ್ತಾಯ್ತು. ಅವಳನ್ನ ಎಬ್ಬಿಸ್ತೀರಾ?"

ಎಬ್ಬಿಸುವ ಕೆಲಸವೇ ಇರಲಿಲ್ಲ. ಎಂಟು ವರ್ಷದ ನನ್ನ ಮಗಳು ಬಟ್ಟೆ ಹಾಕಿಕೊಂಡು ಮಂಚದ ಮೇಲೆ ಕೂತು ಕಾಯುತ್ತಿದ್ದಳು.

ಇದು 2023ರ ಜುಲೈ 24ರ ಮಾತು. ಊರು ಅಮೆರಿಕದ ಯೂಟಾ ರಾಜ್ಯದಲ್ಲಿ, ಲೀಹೈಗೆ ಹತ್ತಿರ. ಲೀಹೈ ಸುತ್ತ ಈಗ ಸಾಫ್ಟ್‌ವೇರ್ ಕಂಪನಿಗಳು ಜಾಸ್ತಿ. ನನ್ನ ಗಂಡನ ಕೆಲಸ ಅಲ್ಲಿ. ನಾವು ಬಾಡಿಗೆಗೆ ಇದ್ದದ್ದು ಹಳೇ ಬಡಾವಣೆಯಲ್ಲಿ. ಅಲ್ಲಿ ಇನ್ನೂ ಮನೆಗಳ ಹಿಂದೆ ಕಾಲುವೆ ಇದೆ. ಬೆಟ್ಟದ ಹಿಮ ಕರಗಿದ ನೀರು ಆ ಕಾಲುವೆಯಲ್ಲಿ ಬರುತ್ತದೆ. ಒಂದೊಂದು ಮನೆಗೂ ಇಂಥ ದಿನ, ಇಷ್ಟು ಹೊತ್ತು ಅಂತ ಸರದಿ. ಹಗಲೋ ರಾತ್ರಿಯೋ ಕೇಳುವ ಹಾಗಿಲ್ಲ. ಆ ಚಳಿಗಾಲದಲ್ಲಿ ಯೂಟಾದಲ್ಲಿ ದಾಖಲೆಯ ಹಿಮ ಬಿದ್ದಿತ್ತು. ಹಾಗಾಗಿ ಜುಲೈ ಕೊನೆಯಲ್ಲೂ ಕಾಲುವೆ ತುಂಬಿ ಹರಿಯುತ್ತಿತ್ತು.

ನಾನು ಮಂಡ್ಯದ ಕಡೆಯವಳು. ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಊರು ನಮ್ಮದು. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ಅಪ್ಪ ರಾತ್ರಿ ಹೊತ್ತು ಟಾರ್ಚು, ಸಲಿಕೆ ಹಿಡಿದು ಗದ್ದೆಗೆ ಹೋಗುತ್ತಿದ್ದರು. ಹಿಂದೆ ಚಿಕ್ಕಪ್ಪ, ಅವರ ಹಿಂದೆ ಅಣ್ಣಂದಿರು. ನಾನು ಎಷ್ಟು ಅತ್ತರೂ ಕರೆದುಕೊಂಡು ಹೋಗುತ್ತಿರಲಿಲ್ಲ. ಇಲ್ಲಿ ನೋಡಿದರೆ ಕಾಲುವೆ ಏರಿಯ ಮೇಲೆ ಗಂಡು ಹೆಣ್ಣು ಅನ್ನದೆ ಮಕ್ಕಳ ಸಾಲು ನಿಂತಿತ್ತು.

ಆ ಮನೆಯಲ್ಲಿ ಎಂಟು ಮಕ್ಕಳು. ದೊಡ್ಡವನಿಗೆ ಹತ್ತೊಂಬತ್ತು, ಕೊನೆಯವಳಿಗೆ ನಾಲ್ಕು. ಹೊರಗಿನವರು ಅವರನ್ನು ಮಾರ್ಮನ್ನರು ಅನ್ನುತ್ತಾರೆ. ಅವರಿಗೆ ಆ ಹೆಸರು ಅಷ್ಟು ಇಷ್ಟವಿಲ್ಲ. 2018ರಲ್ಲಿ ಅವರ ಚರ್ಚಿನ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಅಡ್ಡಹೆಸರು ಬಿಟ್ಟು ಪೂರ್ತಿ ಹೆಸರು ಹೇಳಿ ಅಂದಿದ್ದರು. ಪೂರ್ತಿ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್‌-ಡೇ ಸೇಂಟ್ಸ್. ಊರಿಗೆ ಫೋನ್ ಮಾಡಿದಾಗ ನಮ್ಮವರು ಕೇಳುತ್ತಿದ್ದದ್ದು ಒಂದೇ: "ಅವರಲ್ಲಿ ಎಷ್ಟು ಹೆಂಡ್ತೀರು?" ಒಬ್ಬಳೇ. ಆ ಪದ್ಧತಿಯನ್ನು ಇವರ ಚರ್ಚು 1890ರಲ್ಲೇ ಕೈಬಿಟ್ಟಿದೆ.

ನಾವು ಮನೆಗೆ ಬಂದ ದಿನವೇ ಆರನೆಯವಳು ಬಿಸಿ ಬ್ರೆಡ್ ತಂದುಕೊಟ್ಟಿದ್ದಳು. ಮಾರನೆಯ ದಿನ ಅವರಮ್ಮ ಬಂದರು. ನಾನು ಫಿಲ್ಟರ್ ಕಾಫಿ ಹಾಕಿ ಮುಂದಿಟ್ಟೆ. ಆಕೆ ನಗುತ್ತಾ, ನಾವು ಕಾಫಿ ಟೀ ಎರಡೂ ಕುಡಿಯಲ್ಲ, ಆದ್ರೆ ವಾಸನೆ ತುಂಬಾ ಚೆನ್ನಾಗಿದೆ ಅಂದರು. ನೀರು ಕುಡಿದು ಒಂದು ಗಂಟೆ ಕೂತರು. ಕರ್ನಾಟಕ ಅಂದಾಗ ಅವರ ಮುಖ ಅರಳಿತು. "ಬೆಂಗಳೂರಿನಲ್ಲಿ ನಮ್ಮ ದೇವಸ್ಥಾನ ಕಟ್ಟುತ್ತಿದ್ದಾರೆ, ಗೊತ್ತಾ?" ನನಗೆ ಗೊತ್ತಿರಲಿಲ್ಲ. ಭಾರತದಲ್ಲಿ ಅವರ ಮೊದಲನೇ ದೇವಸ್ಥಾನ ಅದು. 2018ರಲ್ಲಿ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಗುದ್ದಲಿ ಪೂಜೆ ಆಗಿತ್ತು. ನನ್ನೂರಿನ ಸುದ್ದಿ ನನಗೆ ಯೂಟಾದಲ್ಲಿ ಸಿಕ್ಕಿತು.

ಕಾಲುವೆಗೆ ಬರೋಣ. ಸರಿಯಾಗಿ ಮೂರಕ್ಕೆ ಮೇಲಿನ ಮನೆಯವರು ತಮ್ಮ ತೂಬು ಮುಚ್ಚಿದರು. ಇಲ್ಲಿ ತೂಬು ಅಂದರೆ ಕಬ್ಬಿಣದ ಹಲಗೆ, ಮೇಲೆ ತಿರುಗಿಸುವ ಚಕ್ರ. ಎರಡನೆಯವನು ಚಕ್ರ ತಿರುಗಿಸಿದ. ನೀರು ಹುಲ್ಲಿನ ಮೇಲೆ ಸದ್ದೇ ಇಲ್ಲದೆ ಹರಡುತ್ತಾ ಬಂತು. ಟಾರ್ಚಿನ ಬೆಳಕಿನಲ್ಲಿ ಕಾಣುತ್ತಿದ್ದದ್ದು ಅದರ ಹೊಳೆಯುವ ಅಂಚು ಮಾತ್ರ. ನಾನು ಚಪ್ಪಲಿ ಬಿಚ್ಚಿ ನೀರಿಗಿಳಿದೆ. ಹಿಮದ ನೀರು, ಕಾಲು ಮರಗಟ್ಟಿತು. ಆದರೂ ವಾಸನೆ ನಮ್ಮ ಗದ್ದೆಯದೇ. ಒಣಗಿದ ಮಣ್ಣಿಗೆ ಮೊದಲ ನೀರು ಬಿದ್ದಾಗ ಬರುತ್ತದಲ್ಲ, ಅದು.

ಹತ್ತು ನಿಮಿಷಕ್ಕೆ ನೆಲದೊಳಗಿಂದ ಎರೆಹುಳುಗಳು ಮೇಲೆ ಬರತೊಡಗಿದವು. ಬೆರಳುದ್ದದವು, ಕೆಲವು ಗೇಣುದ್ದದವು. ಮಕ್ಕಳು ಕಾದಿದ್ದೇ ಇದಕ್ಕೆ. ಟಾರ್ಚನ್ನು ನೇರವಾಗಿ ಹಿಡಿದರೆ ಅವು ಸರಕ್ಕನೆ ಬಿಲಕ್ಕೆ ಎಳೆದುಕೊಳ್ಳುತ್ತವೆ. ಅದಕ್ಕೆ ಬೆಳಕನ್ನು ಬೆರಳಿನಿಂದ ಅರ್ಧ ಮುಚ್ಚಿಕೊಂಡು ಮೆಲ್ಲಗೆ ಹಿಡಿಯಬೇಕು. ಹಿಡಿದ ಮೇಲೂ ಎಳೆಯಬಾರದು, ಅದೇ ಸಡಿಲ ಬಿಡುವವರೆಗೆ ಕಾಯಬೇಕು. ನನ್ನ ಮಗಳಿಗೆ ಇದನ್ನು ಕಲಿಸಿದ್ದು ಆರು ವರ್ಷದ ಏಳನೆಯವನು. ಅವನಿಗೆ ಕಲಿಸಿದ್ದು ಆರನೆಯವಳಂತೆ. ಆ ಮನೆಯ ವಿದ್ಯೆಯೆಲ್ಲ ಹೀಗೆ ಮೇಲಿಂದ ಕೆಳಗೆ ಹರಿಯುತ್ತದೆ. ಅಪ್ಪ ಅಮ್ಮ ಕಲಿಸುವುದು ಮೊದಲ ಇಬ್ಬರಿಗೆ ಮಾತ್ರ.

ಆ ಅಪ್ಪ ಬದುವಿನ ಮೇಲೆ ನಿಂತು ನನಗೆ ಆ ದಿನದ ಕಥೆ ಹೇಳಿದರು. 1847ರ ಜುಲೈ 24ರಂದು ಅವರ ಚರ್ಚಿನ ಆಗಿನ ಮುಖಂಡ ಬ್ರಿಗಮ್ ಯಂಗ್ ತಮ್ಮ ಜನರೊಂದಿಗೆ ಸಾಲ್ಟ್ ಲೇಕ್ ಕಣಿವೆಗೆ ಬಂದಿಳಿದದ್ದು. ಪೂರ್ವದ ಊರುಗಳಿಂದ ಓಡಿಸಿಕೊಂಡು ಬಂದವರು ಅವರು. ಯೂಟಾದಲ್ಲಿ ಆ ದಿನ ಸರ್ಕಾರಿ ರಜೆ. "ಆದ್ರೆ ಅವರಿಗಿಂತ ಮುಂಚೆ ಬಂದವರು ಏನು ಮಾಡಿದ್ರು ಗೊತ್ತಾ?" ಅಂದರು. ನೆಲ ಕಲ್ಲಿನ ಹಾಗಿತ್ತು, ನೇಗಿಲು ಇಳಿಯುತ್ತಿರಲಿಲ್ಲ. ಅದಕ್ಕೆ ತೊರೆಗೆ ಕಟ್ಟೆ ಹಾಕಿ ನೀರನ್ನು ಹೊಲಕ್ಕೆ ತಿರುಗಿಸಿದರಂತೆ. ಮನೆ ಕಟ್ಟುವ ಮೊದಲೇ ನೀರು ಕಟ್ಟಿದರು. ಈತನ ಮುತ್ತಜ್ಜಿಯ ತಾಯಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು, ಆಮೇಲೆ ಕೈಗಾಡಿಯ ಜೊತೆ ನಡೆದು ಬಂದವಳು. 1856ರಿಂದ 1860ರವರೆಗೆ ಸುಮಾರು ಮೂರು ಸಾವಿರ ಜನ ಹೀಗೆ ಸಾಮಾನೆಲ್ಲ ಕೈಗಾಡಿಯಲ್ಲಿ ಹಾಕಿಕೊಂಡು ಎಳೆದು ತಂದರು. ಅಯೋವಾದಿಂದ ಹೊರಟವರಿಗೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಎಷ್ಟೋ ಜನ ಹಿಮಕ್ಕೆ ಸಿಕ್ಕಿ ದಾರಿಯಲ್ಲೇ ಸತ್ತರು.

ನಾಲ್ಕೂವರೆಗೆ ನಮ್ಮ ಸರದಿ ಮುಗಿಯಿತು. ಮೂರನೆಯವಳು ತೂಬು ಮುಚ್ಚಿದಳು. ಹಲಗೆಯ ಪಕ್ಕದಲ್ಲಿ ಒಂದು ಕಡೆ ನೀರು ಸಣ್ಣಗೆ ಸೋರುತ್ತಿತ್ತು. ಅವಳು ಕೆಸರಿನಲ್ಲಿ ಮಂಡಿಯೂರಿ ಕೂತು, ಹುಲ್ಲಿನ ಹೆಂಟೆಯೊಂದನ್ನು ಸಲಿಕೆಯಿಂದ ಕಿತ್ತು, ಆ ಸಂದಿಗೆ ಒತ್ತಿ ಒತ್ತಿ ತುಂಬಿದಳು. ಕೆಳಗಿನ ಮನೆಯವರ ಪಾಲಿನ ನೀರು ನಮ್ಮಲ್ಲಿ ಸೋರಬಾರದು ಅಂತ ಯಾರೂ ಅವಳಿಗೆ ಹೇಳಲಿಲ್ಲ.

ಏಳೂವರೆಗೆ ಅವರ ವಾರ್ಡಿನ ತಿಂಡಿ. ವಾರ್ಡ್ ಅಂದರೆ ಒಂದೇ ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಕೂಟ. ಗಂಡಸರೇ ದೊಡ್ಡ ಕಾವಲಿಯ ಮೇಲೆ ಪ್ಯಾನ್‌ಕೇಕ್ ಹುಯ್ಯುತ್ತಿದ್ದರು. ನಾನು ಚಿತ್ರಾನ್ನ ಒಯ್ದಿದ್ದೆ. ಖಾಲಿ ಪಾತ್ರೆ ವಾಪಸ್ ತಂದೆ.

ಹತ್ತು ಗಂಟೆಗೆ ಬ್ರೆಜಿಲ್‌ನಿಂದ ದೊಡ್ಡವನ ವಿಡಿಯೋ ಕರೆ. ಅವರಲ್ಲಿ ಹುಡುಗರು ಹದಿನೆಂಟು ದಾಟಿದ ಮೇಲೆ ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುತ್ತಾರೆ. ಎಲ್ಲಿಗೆ ಅಂತ ಅವರು ಆರಿಸುವುದಿಲ್ಲ, ಚರ್ಚು ಹೇಳುತ್ತದೆ. ನಡುವೆ ಮನೆಗೆ ಬರುವಂತಿಲ್ಲ. ಮೊದಲೆಲ್ಲ ವರ್ಷಕ್ಕೆ ಎರಡೇ ಸಲ ಫೋನ್ ಇತ್ತಂತೆ, 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು. ಒಂದು ಫೋನಿನ ಮುಂದೆ ಏಳು ಮುಖ, ಜೊತೆಗೆ ನನ್ನ ಮಗಳದ್ದು.

ಇಲ್ಲಿ ಒಂದು ವಿಷಯ ಹೇಳಬೇಕು. ಅವರದು ಹನ್ನೆರಡು ಸೀಟಿನ ಬಿಳಿ ವ್ಯಾನು. ಹೊರಡುವ ಮುಂಚೆ ಮಕ್ಕಳು ವಯಸ್ಸಿನ ಪ್ರಕಾರ ಒಬ್ಬೊಬ್ಬರಾಗಿ ತಮ್ಮ ನಂಬರ್ ಕೂಗಬೇಕು. ಆ ಬೇಸಿಗೆ ನನ್ನ ಮಗಳು ಅವರಿಗೆ ಕನ್ನಡದ ಎಣಿಕೆ ಕಲಿಸಿದ್ದಳು. ಹಾಗಾಗಿ ಯೂಟಾದ ರಸ್ತೆಯಲ್ಲಿ "ಎರಡು, ಮೂರು, ನಾಲ್ಕು" ಅಂತ ಕೇಳುತ್ತಿತ್ತು. ದೊಡ್ಡವನು ಊರಲ್ಲಿಲ್ಲದ ಕಾರಣ ಒಂದನ್ನು ಯಾರೂ ಹೇಳುತ್ತಿರಲಿಲ್ಲ. ಅಷ್ಟು ಹೊತ್ತು ಸುಮ್ನೆ ಬಿಟ್ಟು, ಆಮೇಲೆ ಎರಡನೆಯವನು ಶುರು ಮಾಡುತ್ತಿದ್ದ. ಒಂಬತ್ತು ನನ್ನ ಮಗಳು. ಅವಳು ಜೊತೆಗಿಲ್ಲದ ದಿನ ಎಂಟರ ನಂತರವೂ ಹಾಗೇ ಒಂದು ಕ್ಷಣ ಬಿಡುತ್ತಾರಂತೆ. ಇದನ್ನು ಕೇಳಿದ ದಿನ ನಾನು ಅಡುಗೆಮನೆಗೆ ಹೋಗಿ ಅತ್ತಿದ್ದೆ. ಹದಿನೇಳು ಜನರ ಮನೆಯಲ್ಲಿ ಬೆಳೆದವಳು ನಾನು. ನನ್ನ ಒಬ್ಬಳೇ ಮಗಳಿಗೆ ಅದು ಸಿಗಲಿಲ್ಲವಲ್ಲ ಅನ್ನುವ ಕೊರಗು ನನಗೆ ಬಹಳ ದಿನದಿಂದ ಇತ್ತು.

ಅವತ್ತು ಫೋನಿನಲ್ಲಿ ಕೊನೆಯವಳು ಕಿರುಚಿದಳು: "ನೀನು ಒಂದು! ಹೇಳು, ಒಂದು!" ಅವನು "ವೊಂದೂ" ಅಂದ. ಇಲ್ಲಿ ಇದಕ್ಕೆ "ಉಂ" ಅಂತಾರೆ ಅಂದ. ಎಲ್ಲರೂ ನಕ್ಕರು. ಅವರಮ್ಮ ಮಾತ್ರ ಅವನ ಕೊರಳನ್ನೇ ನೋಡುತ್ತಿದ್ದರು. ತೆಳ್ಳಗಾಗಿದ್ದಾನೆ ಅಂತ ಆಮೇಲೆ ನನ್ನ ಹತ್ತಿರ ಹೇಳಿದರು.

ಮಧ್ಯಾಹ್ನ ಎಲ್ಲರೂ ಅಮೆರಿಕನ್ ಫೋರ್ಕ್ ಕಣಿವೆಯಲ್ಲಿ ಮೇಲಕ್ಕೆ ಹೋದೆವು. ಅಲ್ಲಿ ಟಿಬಲ್ ಫೋರ್ಕ್ ಅಂತ ಒಂದು ಜಲಾಶಯ ಇದೆ. ಸುತ್ತ ಬೆಟ್ಟ, ಹಿಂದೆ 11,752 ಅಡಿಯ ಟಿಂಪನೋಗಸ್ ಶಿಖರ. ಫೋನ್ ಸಿಗ್ನಲ್ ಇಲ್ಲ. ರಾತ್ರಿ ಹಿಡಿದ ಎರೆಹುಳು ಗಾಳಕ್ಕೆ ಸಿಕ್ಕಿಸಿ ನಾಲ್ಕನೆಯವನು ಎರಡು ಟ್ರೌಟ್ ಹಿಡಿದ. ಉಳಿದವರು ನೀರಿಗೆ ಹಾರುವುದು, ಚಳಿಗೆ ಕೂಗಿಕೊಂಡು ಹೊರಗೆ ಓಡುವುದು, ಬಿಸಿ ಕಲ್ಲಿನ ಮೇಲೆ ಮಲಗುವುದು, ಮತ್ತೆ ಹಾರುವುದು.

ಐದು ಗಂಟೆಗೆ ಹೊರಡಲು ಸಾಮಾನು ತುಂಬಿದೆವು. ಎಣಿಕೆ ಶುರುವಾಯಿತು. ಎರಡು, ಮೂರು, ನಾಲ್ಕು, ಐದು, ಆರು, ಏಳು. ಆಮೇಲೆ ಸದ್ದಿಲ್ಲ.

ಎಂಟು ಬರಲಿಲ್ಲ.

ಯಾರೂ ಕೂಗಾಡಲಿಲ್ಲ. ಅಪ್ಪ ಶೂ ಸಮೇತ ನೀರಿಗೆ ಹೋದರು. ಎರಡನೆಯವನು ಅಣೆಕಟ್ಟಿನ ಕಡೆ, ಮೂರನೆಯವಳು ತೊರೆ ಸೇರುವ ಕಡೆ. ಐದನೆಯವಳು ಸಣ್ಣವರ ಕೈ ಹಿಡಿದು, ನನ್ನ ಮಗಳ ಕೈಯನ್ನೂ ಹಿಡಿದು, ವ್ಯಾನಿನ ಪಕ್ಕದಲ್ಲೇ ನಿಂತಳು. ಅವಳಿಗೆ ಹತ್ತು ವರ್ಷ. ಅವರಮ್ಮ ದಡದ ಉದ್ದಕ್ಕೂ ಹೆಸರು ಕೂಗುತ್ತಾ ನಡೆದರು. ದನಿ ನಡುಗುತ್ತಿತ್ತು. ನನಗೆ ಆ ಹಸಿರು ನೀರು ನೋಡಲು ಆಗುತ್ತಿರಲಿಲ್ಲ.

ನಾಲ್ಕೋ ಐದೋ ನಿಮಿಷ ಆಗಿರಬೇಕು. ನನ್ನ ಮಗಳು ಕೂಗಿದಳು: "ಅಮ್ಮಾ, ಟವೆಲ್ ಅಲ್ಲಾಡ್ತಿದೆ!" ವ್ಯಾನಿನ ಹಿಂದಿನ ಸೀಟಿನ ಕೆಳಗೆ ಒದ್ದೆ ಟವೆಲ್‌ಗಳ ರಾಶಿ. ಅದರ ಅಡಿಯಲ್ಲಿ ಎಂಟನೆಯವಳು ಬಾಯಲ್ಲಿ ಬೆರಳಿಟ್ಟುಕೊಂಡು ಮಲಗಿದ್ದಳು. ರಾತ್ರಿ ಮೂರರಿಂದ ಎದ್ದಿದ್ದ ಮಗು.

ಯಾರೂ ಬೈಯಲಿಲ್ಲ. ಅಪ್ಪನ ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು. ಅಲ್ಲೇ ಮಣ್ಣಿನ ಮೇಲೆ ಎಲ್ಲರೂ ಕೈಕಟ್ಟಿ ತಲೆ ಬಗ್ಗಿಸಿ ನಿಂತರು. ಅಪ್ಪ ಎರಡು ಮಾತು ಪ್ರಾರ್ಥನೆ ಹೇಳಿದರು. ನಾನೂ ಕಣ್ಣು ಮುಚ್ಚಿದೆ. ನನ್ನ ಬಾಯಿಗೆ ಬಂದದ್ದು ಮಾದೇಶ್ವರನ ಹೆಸರು.

ವ್ಯಾನು ಹತ್ತಿ ಮತ್ತೆ ಎಣಿಕೆ. ಎಂದಿನಂತೆ ಮೊದಲು ಮೌನ ಇರಬೇಕಿತ್ತು. ಮುಂದಿನ ಸೀಟಿನಿಂದ ಅವರಮ್ಮ, ತಿರುಗಿ ನೋಡದೆ, "ಒಂದು" ಅಂದರು.

ಆಮೇಲೆ ಎರಡು. ಮೂರು. ಹೀಗೇ ಒಂಬತ್ತರವರೆಗೆ.

ಅಂದು ಸೋಮವಾರ. ಅವರ ಮನೆಗಳಲ್ಲಿ ಸೋಮವಾರ ಸಂಜೆ ಮನೆಯವರಿಗಷ್ಟೇ ಮೀಸಲು. ಹಾಡು, ಒಂದು ಸಣ್ಣ ಪಾಠ, ಆಟ, ಏನಾದರೂ ಸಿಹಿ. ಅವತ್ತು ಪಾಠ ಇರಲಿಲ್ಲ, ಎಲ್ಲರೂ ಸುಸ್ತಾಗಿದ್ದರು. ಐಸ್‌ಕ್ರೀಂ ತಿಂದು, ಬೀದಿಯಲ್ಲಿ ಪಟಾಕಿ ನೋಡಿದರು. ಹತ್ತು ಗಂಟೆಗೆ ನಾನು ಪಾತ್ರೆ ಕೊಡಲು ಹೋದಾಗ ಅವರಮ್ಮ ನೆಲಮಾಳಿಗೆಯಲ್ಲಿ ಬಟ್ಟೆ ಮಡಿಸುತ್ತಿದ್ದರು. ಸುತ್ತ ಕಪಾಟುಗಳಲ್ಲಿ ಗೋಧಿಯ ಡಬ್ಬ, ಹುರುಳಿಯ ಡಬ್ಬ, ಹೋದ ವರ್ಷದ ಪೀಚ್ ಹಣ್ಣಿನ ಗಾಜಿನ ಭರಣಿ. ಕಷ್ಟಕಾಲಕ್ಕೆ ಮನೆಯಲ್ಲಿ ದವಸ ಇರಬೇಕು ಅನ್ನುವುದು ಅವರ ಚರ್ಚಿನ ಮಾತು. ನಮ್ಮಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರಲ್ಲ, ಹಾಗೆ. ಆಕೆ ಬಟ್ಟೆ ರಾಶಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನರ್ಸಿಂಗ್ ಓದಿದವರು. ಮೂರನೇ ಮಗು ಹುಟ್ಟಿದಾಗ ಕೆಲಸ ಬಿಟ್ಟರು.

ಆ ಮನೆಯಲ್ಲಿ ನನಗೆ ಎಲ್ಲವೂ ಒಪ್ಪಿಗೆ ಅಂತಲ್ಲ. ಎಂಟು ಮಕ್ಕಳ ಬೇಸಿಗೆ ಒಬ್ಬ ಹೆಂಗಸಿನ ಮೈಯ ಮೇಲೆ ನಡೆಯುತ್ತದೆ. ನಮ್ಮ ಮನೆಯಲ್ಲೂ ಅಷ್ಟೇ. ನಾವು ಮಾವಿನ ತೋಪಿನಲ್ಲಿ ಕಳೆದ ರಜೆಗಳಲ್ಲಿ ನಮ್ಮ ದೊಡ್ಡಮ್ಮ ಒಲೆ ಮುಂದೆಯೇ ಇದ್ದರು. ಅದು ನನಗೆ ಕಂಡದ್ದು ಈಗ, ಆ ನೆಲಮಾಳಿಗೆಯಲ್ಲಿ. ನಾನು ಪಕ್ಕದಲ್ಲಿ ಕೂತು ಕಾಲುಚೀಲ ಜೋಡಿಸಿದೆ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಎದ್ದಾಗ ಆಕೆ ನನ್ನ ಕೈ ಹಿಡಿದು, "ಅವಳು ನೀರಲ್ಲಿದಾಳೆ ಅಂದ್ಕೊಂಡಿದ್ದೆ" ಅಂದರು. ನಾನೂ ಅಂದುಕೊಂಡಿದ್ದೆ.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗ್ಗೆ. ಎಲ್ಲ ಹೇಳಿದೆ. ಅಪ್ಪ ಮಗುವಿನ ವಿಷಯ ಕೇಳಿ "ದೇವರು ದೊಡ್ಡವನು ಕಣವ್ವಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು.

"ರಾತ್ರಿ ತೂಬು ಮುಚ್ಚಿದ್ದು ಯಾರು?"

"ಮೂರನೇ ಹುಡುಗಿ ಅಪ್ಪ. ಹದಿನಾಲ್ಕು ವರ್ಷ."

"ಸೋರದಂಗೆ ಮುಚ್ಚಿದ್ಲಾ?"

"ಹೂಂ. ಹುಲ್ಲು ಹೆಂಟೆ ತುಂಬಿದ್ಲು."

"ನಿನ್ನೂ ಒಂದು ದಿನ ಕರ್ಕೊಂಡೋಗಬೇಕಿತ್ತು" ಅಂದರು ಅಪ್ಪ.