ಬಾಕಿ ಕೇಳಲು ಬಾಯಿ ಹೇಗೆ ಬರುತ್ತದೆ?

ಧಾರವಾಡದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಮಾಡಿ ಮಾರುತ್ತ ನನಗೆ 14 ವರ್ಷಗಳಾದವು. ಇಷ್ಟು ದಿನಗಳಲ್ಲಿ ರೊಟ್ಟಿ ತೆಳ್ಳಗೆ ಬರುವುದು ಹೇಗೆ ಎಂದು ಕೇಳಿದವರು ಕಡಿಮೆ. ಸ್ವಸಹಾಯ ಸಂಘದ ಸಭೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಕೆಲವೊಮ್ಮೆ ಗುರುತಿಲ್ಲದವರ ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಯೇ ಬೇರೆ: ‘ಮಾಡೂದೇನೋ ಮಾಡ್ತೀವ್ರಿ ಅಕ್ಕಾರ, ಆದ್ರ ರೊಕ್ಕಾ ಕೇಳಾಕ ಬಾಯಿ ಬರೂದಿಲ್ಲ. ನೀವು ಹೆಂಗ ಕೇಳ್ತೀರಿ?’

ಕೇಳುವವರು ಬಹುಪಾಲು ನನ್ನಂಥವರೇ. ಬ್ಲೌಸ್ ಹೊಲಿಯುವವರು, ಸೀರೆಗೆ ಕುಚ್ಚು ಕಟ್ಟುವವರು, ಹಪ್ಪಳ ಸಂಡಿಗೆ ಮಾಡುವವರು, ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವರು. ಧೈರ್ಯ ತಂದುಕೊಳ್ಳುವ ಉಪಾಯವೇನಾದರೂ ಸಿಕ್ಕೀತೆಂದು ಬರುವ ಇವರಿಗೆ ನಾನು ನನ್ನ ಲೆಕ್ಕದ ವಹಿಯನ್ನು ತೋರಿಸುತ್ತೇನೆ, ಅವರಿಗೆ ತುಸು ನಿರಾಸೆಯೂ ಆಗುತ್ತದೆ. ಕೆಲಸವೆಲ್ಲ ಮುಗಿದು, ಗಿರಾಕಿ ತಿಂದು ಕೈತೊಳೆದ ಮೇಲೆ ಹಣದ ಮಾತು ಎತ್ತಬೇಕಾದರೆ ನನ್ನ ಬಾಯಿಯೂ ಕಟ್ಟುತ್ತದೆ. ದರ ಎಷ್ಟು, ಮುಂಗಡ ಎಷ್ಟು, ಉಳಿದದ್ದು ಯಾವ ದಿನ ಎಂಬುದನ್ನು ಜೋಳ ಗಿರಣಿಗೆ ಹೋಗುವ ಮೊದಲೇ ಹೇಳಿ ಬರೆದಿಟ್ಟಿದ್ದರೆ, ಆಮೇಲೆ ಮಾಡಬೇಕಾದದ್ದು ಆ ದಿನವನ್ನು ನೆನಪಿಸುವುದಷ್ಟೇ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟನ್ನು ಕಲಿಯಲು ನಾನು ಕಳೆದುಕೊಂಡ ಹಣ ಕಡಿಮೆಯದಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೆಣ್ಣುಮಕ್ಕಳ ಸ್ವಭಾವವೇ ಸಂಕೋಚದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾರದ ಸಂತೆಯಲ್ಲಿ ಕಾಯಿಪಲ್ಯ ಮಾರುವ ಹೆಂಗಸರು ಮೆಂತ್ಯದ ಸೊಪ್ಪನ್ನು ನಮ್ಮ ಕೈಗಿಡುವ ಮುನ್ನವೇ ದರ ಹೇಳುತ್ತಾರೆ, ಅತಿಯಾಗಿ ಚೌಕಾಸಿ ಮಾಡಿದರೆ ಅದನ್ನು ಮರಳಿ ಬುಟ್ಟಿಗೆ ಹಾಕಿ ಮುಂದಿನ ಗಿರಾಕಿಯನ್ನು ಕೂಗುತ್ತಾರೆ. ಮೊಳ ಹಾಕಿ ಹೂ ಕೊಡುವವಳು ‘ನಿಮ್ಮ ಮನಸ್ಸಿಗೆ ಬಂದಷ್ಟು ಕೊಡಿ’ ಎಂದದ್ದನ್ನು ನಾನಂತೂ ಕೇಳಿಲ್ಲ. ಸಂಕೋಚವಿರುವುದು ಮನೆಯೊಳಗೆ ಕುಳಿತು ಮಾರುವ ನಮಗೆ, ಅದಕ್ಕೆ ಕಾರಣವೂ ಇದೆ. ನಾಗರ ಪಂಚಮಿಗೆ ಉಂಡಿ, ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ ನಮ್ಮ ಮನೆಯಿಂದ ಅಕ್ಕಪಕ್ಕದ ಮನೆಗಳಿಗೆ ಹೋಗುತ್ತವೆ, ಹೋದ ತಟ್ಟೆ ಬರಿದಾಗಿ ಮರಳುವುದಿಲ್ಲ. ಹೀಗೆ ತಟ್ಟೆಗೆ ತಟ್ಟೆ ತುಂಬಿ ಬೆಳೆದ ನೆರೆಹೊರೆಯಲ್ಲಿ, ಅದೇ ರೊಟ್ಟಿಗೆ ಒಂದು ದಿನ ದರ ಹೇಳುವುದು ಋಣ ಮುರಿದುಕೊಂಡಂತೆ ಅನ್ನಿಸುತ್ತದೆ. ಅನ್ನ ಮಾರಬಾರದು ಎಂದು ನಂಬಿದ್ದ ನಮ್ಮ ಅತ್ತೆಯವರು ಮೊದಲ ವರ್ಷ ಗಿರಾಕಿ ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ಆಗ ಒಳಗೆ ಹೋಗುವ ಅವಕಾಶವಿದ್ದಿದ್ದರೆ ನಾನೂ ಹೋಗುತ್ತಿದ್ದೆ.

ಇನ್ನೊಂದು ಕಾರಣ ನನಗೆ ತಡವಾಗಿ ಹೊಳೆಯಿತು. ದರ ಹೇಳುವಾಗ ನನ್ನ ದನಿ ಇಳಿಯುತ್ತಿದ್ದದ್ದು ಆ ದರ ಹೇಗೆ ಬಂತು ಎಂಬುದು ನನಗೇ ಗೊತ್ತಿಲ್ಲದ ಕಾರಣಕ್ಕೆ. ಪಕ್ಕದ ಓಣಿಯವರು ಎಷ್ಟಕ್ಕೆ ಮಾರುತ್ತಾರೋ ಅದಕ್ಕಿಂತ ನಾಲ್ಕಾಣೆ ಕಡಿಮೆ ಎಂಬುದೇ ನನ್ನ ಲೆಕ್ಕವಾಗಿತ್ತು. ಬೇಡಿಕೆ ಹೆಚ್ಚಾಗಿ, ರೊಟ್ಟಿ ಬಡಿಯಲು ಓಣಿಯ ಇಬ್ಬರು ಹೆಂಗಸರನ್ನು ಕೂಲಿಗೆ ಕರೆದಾಗ ಗುಟ್ಟು ಬಯಲಾಯಿತು. ಅಂದಿನ ಅಂಕಿಗಳು ಈಗ ಯಾರಿಗೂ ಉಪಯೋಗವಿಲ್ಲವಾದ್ದರಿಂದ ಅದೇ ಲೆಕ್ಕವನ್ನು ನನ್ನ ಮನೆಯ ಈಗಿನ ಖರ್ಚಿನಲ್ಲಿ ಹೇಳುತ್ತೇನೆ. ಒಂದು ಕಿಲೋ ಬಿಳಿಜೋಳಕ್ಕೆ 55 ರೂಪಾಯಿ, ಗಿರಣಿಗೆ 6, ಗ್ಯಾಸಿಗೆ 12, ಪ್ಯಾಕಿಂಗಿಗೆ 7, ಒಟ್ಟು 80 ರೂಪಾಯಿ. ಅದರಲ್ಲಿ ಸುಮಾರು 20 ಖಡಕ್ ರೊಟ್ಟಿಗಳಾಗುತ್ತವೆ. ಒಂದಕ್ಕೆ 5 ರೂಪಾಯಿಯಂತೆ ಮಾರಿದರೆ ಬರುವುದು 100, ಖರ್ಚು ಕಳೆದು ಉಳಿಯುವುದು 20. ಇಪ್ಪತ್ತು ರೂಪಾಯಿ ಲಾಭವೆಂದು ಸಂತೋಷಪಡುತ್ತಿದ್ದವಳು, ಬಡಿದವರಿಗೆ ರೊಟ್ಟಿಗೆ 2 ರೂಪಾಯಿಯಂತೆ 40 ರೂಪಾಯಿ ಕೂಲಿ ಎಣಿಸುವಾಗ ಬೆಚ್ಚಿಬಿದ್ದೆ. ಅಷ್ಟು ಕಾಲ ಒಲೆಯ ಮುಂದೆ ಕುಳಿತು ನಾನೇ ಬಡಿದಿದ್ದ ರೊಟ್ಟಿಗಳಿಗೆ ಕೂಲಿ ಯಾರು ಕೊಟ್ಟಿದ್ದರು? ಪಕ್ಕದ ಮನೆಯವಳಿಗೆ ಕೂಲಿ ಕೊಡಬೇಕೆಂಬುದು ಯಾರೂ ಹೇಳಿಕೊಡದೆ ಗೊತ್ತಿದ್ದ ನನಗೆ, ನನ್ನ ಕೈಗೂ ಅಷ್ಟೇ ಕೂಲಿ ಸಲ್ಲಬೇಕೆಂಬುದು ಹೊಳೆದಿರಲಿಲ್ಲ.

ಈಗ ನನ್ನ ದರ ರೊಟ್ಟಿಗೆ 8 ರೂಪಾಯಿ. ಕಿಲೋಗೆ ಬರುವ 160 ರೂಪಾಯಿಯಲ್ಲಿ ಸಾಮಾನು ಮತ್ತು ಕೂಲಿ ಸೇರಿ 120 ಹೋಗುತ್ತದೆ; ಉಳಿದ 40 ರೂಪಾಯಿ ಆಟೋ ಬಾಡಿಗೆಯನ್ನು, ಮುರಿದ ರೊಟ್ಟಿಗಳನ್ನು, ಮಳೆಗಾಲದಲ್ಲಿ ಮೆತ್ತಗಾಗಿ ವಾಪಸು ಬಂದವುಗಳನ್ನು ಹೊತ್ತು, ಕೊನೆಗೆ ನನ್ನ ಲಾಭವಾಗಬೇಕು. ಖಡಕ್ ರೊಟ್ಟಿ ಮುರಿಯುವುದಕ್ಕೆಂದೇ ಹುಟ್ಟಿದ್ದು ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಯಾರಾದರೂ ‘ಭಾಳ ಆತಲ್ರಿ’ ಎಂದರೆ ಈಗ ನನ್ನ ಮುಖ ಕೆಂಪಾಗುವುದಿಲ್ಲ, ಏಕೆಂದರೆ ಆ ಎಂಟು ರೂಪಾಯಿಯನ್ನು ಬಿಡಿಸಿ ಹೇಳಲು ನನಗೆ ಬರುತ್ತದೆ. ಹಾಗೆಂದು ಬಿಡಿಸಿ ಹೇಳುತ್ತ ಕೂರುವುದೂ ಇಲ್ಲ. ದರ ಹೇಳಿದ ಮೇಲೆ ಸುಮ್ಮನಿರಬೇಕು. ಆ ನಾಲ್ಕೈದು ಗಳಿಗೆಯ ಮೌನವನ್ನು ತಾಳಲಾರದೆ ನಾವೇ ‘ಇರ್ಲಿ ಬಿಡ್ರಿ, ನಿಮಗ ತಿಳಿದಷ್ಟು ಕೊಡ್ರಿ’ ಎಂದುಬಿಡುತ್ತೇವೆ. ಈ ಹದಿನಾಲ್ಕು ವರ್ಷಗಳಲ್ಲಿ ನನಗೆ ಅತ್ಯಂತ ದುಬಾರಿಯಾಗಿ ಬಿದ್ದ ವಾಕ್ಯ ಅದು.

ಅದು ಎಷ್ಟು ದುಬಾರಿ ಎಂಬುದು ತಿಳಿದದ್ದು ಸಂಬಂಧಿಕರೊಬ್ಬರ ಮನೆಯ ಕುಬಸದ, ಅಂದರೆ ಸೀಮಂತದ, ಕಾರ್ಯಕ್ರಮದಲ್ಲಿ. 500 ರೊಟ್ಟಿ, ಜೊತೆಗೆ ಶೇಂಗಾ ಹೋಳಿಗೆ, ಎರಡು ಬಗೆಯ ಚಟ್ನಿ ಬೇಕೆಂದರು. ದರದ ಮಾತು ಬಂದಾಗ ‘ಮನಿಯವರ ಹತ್ರ ಎಂಥಾ ರೇಟು, ನಿಮಗ ತಿಳಿದಷ್ಟು’ ಎಂದೆ. ಎರಡು ದಿನ ಮೂವರು ಸೇರಿ ಮಾಡಿದೆವು. ಊಟವಾಯಿತು, ಎಲ್ಲರೂ ಹೊಗಳಿದರು. ಹೊರಡುವಾಗ ಆ ಮನೆಯ ಹಿರಿಯರು ನನ್ನನ್ನು ಮಣೆಯ ಮೇಲೆ ಕೂರಿಸಿ, ಉಡಿ ತುಂಬಿ, ಚೆಂದದ ಗುಳೇದಗುಡ್ಡ ಖಣವೊಂದನ್ನು ಕೊಟ್ಟು ಕಳುಹಿಸಿದರು. ಅವರ ಪ್ರೀತಿಯಲ್ಲಿ ಕಪಟವಿರಲಿಲ್ಲ. ‘ತಿಳಿದಷ್ಟು’ ಎಂದರೆ ಅವರಿಗೆ ತಿಳಿದದ್ದು ಅದು. ಆದರೆ ಸಂಜೆ ಕೂಲಿಯ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತಿದ್ದರು, ಖಣವನ್ನು ಕತ್ತರಿಸಿ ಕೂಲಿ ಕೊಡಲು ಬರುವುದಿಲ್ಲ. ಸಂಘದಲ್ಲಿ ಸಾಲ ತೆಗೆದು ಅವರಿಗೆ ಕೊಟ್ಟೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಹಿರಿಯರು ಹೇಳುತ್ತಿದ್ದ ಗಾದೆ ಒರಟಾದರೂ ಅಂದು ನನಗೆ ಸರಿಯಾಗಿಯೇ ಹೊಂದಿಕೊಂಡಿತು. ಆ ಖಣದ ಕುಪ್ಪಸವನ್ನು ಇವತ್ತಿಗೂ ಹೊಲಿಸಿಲ್ಲ.

ಅಂದಿನಿಂದ ನೂರಕ್ಕಿಂತ ಹೆಚ್ಚು ರೊಟ್ಟಿಯ ಆರ್ಡರಿಗೆ ಅರ್ಧ ಹಣ ಮುಂಗಡ ಎಂಬುದು ನಿಯಮ, ಬಳಗದವರಿಗೂ. ಇದನ್ನು ಹೇಳಲು ನಾನು ಕಂಡುಕೊಂಡ ದಾರಿ ಜೋಳವನ್ನು ಮುಂದಿಡುವುದು: ‘ಮುಂಗಡ ಬಂದ ಕೂಡಲೇ ಜೋಳ ತರ್ತೀನ್ರಿ.’ ಇದು ನೆಪವಲ್ಲ, ನಿಜವಾಗಿಯೂ ಆ ಹಣದಿಂದಲೇ ಜೋಳ ತರುತ್ತೇನೆ. ಬಳಗದವರಿಗೆ ಪ್ರೀತಿಯಿಂದ ಕೊಡಬೇಕೆನ್ನಿಸಿದಾಗ ದರವನ್ನು ಇಳಿಸದೆ ಒಂದು ಡಬ್ಬಿ ಅಗಸಿ ಚಟ್ನಿಯನ್ನು ಉಡುಗೊರೆಯೆಂದು ಬೇರೆಯಾಗಿ ಕೊಡುತ್ತೇನೆ. ವ್ಯಾಪಾರವೂ ಉಡುಗೊರೆಯೂ ಒಂದೇ ಡಬ್ಬಿಯಲ್ಲಿ ಕಲಸಿಹೋದರೆ ಇಬ್ಬರಿಗೂ ಲೆಕ್ಕ ತಪ್ಪುತ್ತದೆ.

ಖಾನಾವಳಿ ಮತ್ತು ಅಂಗಡಿಗಳ ಮಾತು ಬೇರೆ. ಅಲ್ಲಿ ದಾಕ್ಷಿಣ್ಯಕ್ಕಿಂತ ಉದ್ರಿಯ ಕಾಟ ಹೆಚ್ಚು. ‘ಇಂದು ನಗದು, ನಾಳೆ ಉದ್ರಿ’ ಎಂದು ಗೋಡೆಗೆ ಬೋರ್ಡು ಹಾಕಿಕೊಂಡ ಅಂಗಡಿಯವರೇ ನಮ್ಮಂಥವರಿಂದ ತಿಂಗಳುಗಟ್ಟಲೆ ಉದ್ರಿ ಒಯ್ಯುತ್ತಾರೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದೇ ಇಂಥ ಅಂಗಡಿಯ ಕಟ್ಟೆಯ ಮೇಲೆ ಇರಬೇಕು. ಇಲ್ಲಿ ನಮ್ಮ ನೆರವಿಗೆ ಒಂದು ಕಾನೂನು ಇದೆ ಎಂಬುದು ಬಹಳ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಸರಕು ಪಡೆದವರು ಬರಹದಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ; ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ವ್ಯಾಜ್ಯವಾದರೆ ರಾಜ್ಯದ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಬಹುದು. ಇದಕ್ಕೆ ಉದ್ಯಮ್ ನೋಂದಣಿ, ಅಂದರೆ ನಮ್ಮದು ಇಂಥ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸಿಕೊಂಡ ಪತ್ರ, ಇರಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಸರ್ಕಾರಿ ಶುಲ್ಕ ಒಂದು ರೂಪಾಯಿಯೂ ಇಲ್ಲ, ಆದ್ದರಿಂದ ಸಾವಿರಗಟ್ಟಲೆ ಕೇಳುವವರ ಕೈಗೆ ಸಿಗಬೇಡಿ. ಸರಕು ಕೊಡುವ ಮೊದಲೇ ನೋಂದಣಿ ಮಾಡಿಸಿಕೊಂಡಿದ್ದರೆ ಮುಂದೆ ತಕರಾರಿಗೆ ಆಸ್ಪದವಿರುವುದಿಲ್ಲ. ಬೇರೆಯವರ ಸರಕನ್ನು ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ, ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ.

ನಾನು ಯಾರ ಮೇಲೂ ದೂರು ಕೊಟ್ಟಿಲ್ಲ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆಯನ್ನು, ಹಣ ಕೊಡಬೇಕಾದ ದಿನಾಂಕವನ್ನು ಅಚ್ಚು ಹಾಕಿಸಿದೆ, ಸರಕು ಇಳಿಸಿಕೊಂಡವರ ಸಹಿ ತೆಗೆದುಕೊಳ್ಳತೊಡಗಿದೆ. ಹಿಂದೆ ‘ಮಾಲಕರು ಊರಾಗಿಲ್ರೀ ವೈನಿ’ ಎನ್ನುತ್ತಿದ್ದ ಒಂದು ಖಾನಾವಳಿಯ ಮ್ಯಾನೇಜರು ಆ ಬಿಲ್ಲನ್ನು ಎರಡು ಸಲ ಓದಿ, ‘ಇದೇನ್ರಿ, ಕಂಪನಿಯವರ ಗತೆ ಮಾಡೀರಲ್ಲ’ ಎಂದು ನಕ್ಕರು. ನಕ್ಕರೂ ಆ ತಿಂಗಳ ಹಣ ದಿನಕ್ಕೆ ಸರಿಯಾಗಿ ಬಂತು. 2024ರ ಏಪ್ರಿಲ್‌ನಿಂದ ಇನ್ನೊಂದು ಅನುಕೂಲವೂ ಆಗಿದೆ: ನಮ್ಮಂಥವರಿಗೆ ಈ ಅವಧಿಯೊಳಗೆ ಹಣ ಕೊಡದೆ ಉಳಿಸಿಕೊಂಡರೆ, ದೊಡ್ಡ ಅಂಗಡಿಯವರು ಅದನ್ನು ನಿಜವಾಗಿ ಕೊಡುವವರೆಗೆ ತಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಹಾಗಾಗಿ ಮಾರ್ಚ್ ಬಂತೆಂದರೆ ಅವರ ಲೆಕ್ಕಿಗರೇ ನಮ್ಮನ್ನು ನೆನೆಯುತ್ತಾರೆ.

ನೆನಪಿಸುವ ಮಾತು ಹೇಗಿರಬೇಕೆಂದು ಕೇಳುತ್ತಾರೆ. ಹೇಳಿದ ದಿನದ ಬೆಳಿಗ್ಗೆ ಒಂದು ಸಂದೇಶ: ನಮಸ್ಕಾರ, ಇಂತಿಷ್ಟನೇ ತಾರೀಖಿನ ಬಿಲ್ಲು, ಇಷ್ಟು ಮೊತ್ತ, ಇವತ್ತಿನ ದಿನಾಂಕ. ಮಗಳ ಫೀ ಕಟ್ಟಬೇಕಿತ್ತು, ಮನೆಯಲ್ಲಿ ಹುಷಾರಿಲ್ಲ ಎಂಬ ಕಾರಣಗಳನ್ನು ಸೇರಿಸಬೇಡಿ. ಕಾರಣ ಹೇಳಿದ ಕೂಡಲೇ ನಮಗೆ ಬರಬೇಕಾದ ಹಣ ಅವರು ಮಾಡುವ ಉಪಕಾರವಾಗಿಬಿಡುತ್ತದೆ. ಉತ್ತರ ಬಾರದಿದ್ದರೆ ಮೂರನೆಯ ದಿನ ಫೋನು. ಅದಕ್ಕೂ ಬಗ್ಗದಿದ್ದರೆ ಮುಂದಿನ ಸರಕು ಹೋಗುವುದಿಲ್ಲ. ಜಗಳ ಆಡಿದ್ದು ಒಮ್ಮೆ ಮಾತ್ರ, ಅದರಿಂದ ಹಣವೂ ಬರಲಿಲ್ಲ.

ಮೊಬೈಲಿನಿಂದ ಹಣ ಕಳುಹಿಸುವುದು ಬಂದ ಮೇಲೆ ಕೇಳುವ ಕಷ್ಟ ಅರ್ಧ ಇಳಿದಿದೆ, ಏಕೆಂದರೆ ಮೇಜಿನ ಮೇಲಿನ ಕ್ಯೂಆರ್ ಕೋಡೇ ಕೇಳುತ್ತದೆ. 2025ರ ಜುಲೈನಲ್ಲಿ, ಮೊಬೈಲಿನಿಂದ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕಳುಹಿಸಿದ ಜಿಎಸ್‌ಟಿ ನೋಟಿಸುಗಳಿಗೆ ಹೆದರಿ ಬೆಂಗಳೂರಿನ ಹಲವು ಸಣ್ಣ ಅಂಗಡಿಗಳವರು ಆ ಹಾಳೆಯನ್ನು ಕಿತ್ತು ‘ನಗದು ಮಾತ್ರ’ ಎಂದು ಬರೆದಾಗ ನನಗೂ ಹಲವರು ಹಾಗೆ ಮಾಡಲು ಹೇಳಿದರು. ನಾನು ಕೀಳಲಿಲ್ಲ, ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದಾಗ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ, ನನ್ನ ವಹಿ ಅಷ್ಟು ದೂರ ಹೋಗಿಲ್ಲ. ನನ್ನ ಚಿಂತೆ ಇನ್ನೊಂದು. ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರ ಕ್ಯೂಆರ್ ಕೋಡು ಗಂಡನ ಅಥವಾ ಮಗನ ಖಾತೆಯದ್ದು. ಗಿರಾಕಿಯಿಂದ ಹಣ ಬಂದಿರುತ್ತದೆ, ಆದರೆ ನಾಳೆ ಜೋಳ ತರಲು ಆ ಹಣವನ್ನು ಅವರು ಮನೆಯಲ್ಲಿ ಮತ್ತೊಮ್ಮೆ ಕೇಳಬೇಕು. ಹೊರಗಿನವರನ್ನು ಕೇಳುವುದಕ್ಕಿಂತ ಅದು ಕಷ್ಟವೆಂದು ಪಿಸುದನಿಯಲ್ಲಿ ಹೇಳಿದವರಿದ್ದಾರೆ. ತಮ್ಮ ಹೆಸರಿನ ಖಾತೆ, ಅದಕ್ಕೆ ಜೋಡಿಸಿದ ತಮ್ಮದೇ ಫೋನು ಸಂಖ್ಯೆ ಇಲ್ಲದವರಿಗೆ ನಾನು ದರದ ವಿಷಯವನ್ನು ಹೇಳಲು ಹೋಗುವುದೇ ಇಲ್ಲ, ಮೊದಲು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಮನೆಯಲ್ಲಿ ಈಗ ಸೌಂಡ್ ಬಾಕ್ಸ್ ಕೂಗಿದರೆ ಒಳಗಿನಿಂದ ಅತ್ತೆಯವರ ದನಿ ಬರುತ್ತದೆ: ‘ಎಷ್ಟ್ ಬಂತವಾ?’

ಕಳೆದ ತಿಂಗಳು ಇದೇ ಪ್ರಶ್ನೆ ಕೇಳಿದವರು ಚೆಂದವಾಗಿ ಕುಚ್ಚು ಕಟ್ಟುವ ಹೆಣ್ಣುಮಗಳು. ಹನ್ನೊಂದು ಸೀರೆಗಳ ಹಣ ಬಾಕಿ, ಕೇಳಲು ನಾಚಿಕೆ ಎಂದರು. ಅವರು ತಮ್ಮ ಓಣಿಯ ಸ್ತ್ರೀಶಕ್ತಿ ಗುಂಪಿನ ಖಜಾಂಚಿಯೂ ಹೌದು. ವಾರದ ಕಂತು ತಪ್ಪಿಸಿದವರನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ‘ಮನಿಗೇ ಹೋಗ್ತೀನ್ರಿ. ತಾರೀಖು ಪುಸ್ತಕದಾಗ ಬರದೈತಲ್ಲ, ಅದ್ರಾಗ ನಾಚಿಕಿ ಏನು?’ ಎಂದು ಹೇಳುತ್ತ ಹೇಳುತ್ತಲೇ ಅವರಿಗೆ ನಗು ಬಂತು. ಹೋಗುವಾಗ ನನ್ನ ಬಿಲ್ಲಿನ ಒಂದು ಖಾಲಿ ಹಾಳೆಯನ್ನು ಕೇಳಿ ಒಯ್ದರು. ಎರಡು ದಿನ ಬಿಟ್ಟು ಫೋನು ಮಾಡಿ, ಸೀರೆಯನ್ನು ಕೈಗೆ ತೆಗೆದುಕೊಳ್ಳುವಾಗಲೇ ಅರ್ಧ ಕೇಳಿದರೆ ಹೆಚ್ಚಾಯಿತೇ, ಮೂರರಲ್ಲಿ ಒಂದು ಪಾಲು ಕೇಳಲೇ ಎಂದು ವಿಚಾರಿಸಿದರು. ದಾರದ ಖರ್ಚು ಎಷ್ಟು ಬರುತ್ತದೆ ಎಂದು ಕೇಳಿದೆ. ಪೆನ್ನು ಹುಡುಕುತ್ತೇನೆ, ತಡೆಯಿರಿ ಎಂದರು.